ಆಮೇಲೆ ಕೂಡಿಸಿದ ತೊಲೆಗಳು

೯ ಏಪ್ರಿಲ್ ೧೯೬೧, ಯಲ್ಲಾಪುರ

ಬಿ.ಎ. ಪರೀಕ್ಷೆಯಲ್ಲಿ ಇತಿಹಾಸ ವಿಷಯಕ್ಕೆ ಇಡೀ ವಿಶ್ವವಿದ್ಯಾಲಯದಲ್ಲಿ ಮೊದಲಿಗಳಾಗಿ ಬಂದವಳು ಅನಂತರದ ಒಂದು ವರ್ಷವನ್ನು ಶಿರಸಿಯ ಮನೆಯ ಮಾಳಿಗೆಯ ಮೇಲೆ ಹಪ್ಪಳ ಕಾಯುತ್ತ ಕಳೆದಳೆಂಬುದು ಲೋಕಕ್ಕೆ ಅನ್ಯಾಯವೆನ್ನಿಸದಿರಬಹುದು. ನನಗೆ ಅನ್ನಿಸಿದೆ, ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಇಂದು ತಂದೆಯವರು ಕಡೆಗೂ ಒಂದು ಷರತ್ತಿಗೆ ಒಪ್ಪಿದರು. ಅವರು ಗುತ್ತಿಗೆದಾರರು. ಅರಬೈಲ್ ರಸ್ತೆಯಲ್ಲಿ ಪಾಳುಬಿದ್ದಿರುವ ಇಂಗ್ಲಿಷರ ಹಳೆಯ ಚರ್ಚೊಂದನ್ನು ಲಿಲಾವಿನಲ್ಲಿ ಹಿಡಿದಿದ್ದಾರೆ. ಅದನ್ನು ಬಿಚ್ಚಿ, ಕಲ್ಲನ್ನು ರಸ್ತೆಯ ಮೋರಿಗಳಿಗೂ ಸಾಗವಾನಿಯನ್ನು ಹುಬ್ಬಳ್ಳಿಯ ಕಟ್ಟಿಗೆ ಅಡ್ಡೆಗೂ ಸಾಗಿಸುವುದು ಅವರ ಲೆಕ್ಕಾಚಾರ. ಅದಕ್ಕಾಗಿಯೇ ಈ ಬಾಡಿಗೆಯ ಮನೆ.

“ನೋಡವಾ ಶಾರವ್ವಾ,” ಎಂದರು, “ಯಾವ ಮರ ಹಳೇದು, ಯಾವ ಕಲ್ಲು ಬೆಲೆಬಾಳೂದು, ಹೇಳಿಕೊಡು. ನಿನ್ನ ಕಲಿಕಿ ನನ್ನ ಕೆಲಸಕ್ಕ ಬಂತಂದರ ಜೂನ್‌ದಾಗ ಧಾರವಾಡಕ್ಕ ಹೋಗು, ಎಂ.ಎ. ಮಾಡು. ಬರಲಿಲ್ಲಂದರ ಹಾವೇರಿ ಅರಿವಿ ಅಂಗಡಿ ಮಧುಕೇಶ್ವರಗ ಮಾತು ಕೊಟ್ಟ ಬಿಡತೇನಿ.”

ಅವ್ವ ಒಳಗಿನಿಂದ, “ಹುಡುಗ ಛಲೋ ಅದಾನ. ಲೆಕ್ಕಾ ಬಾಯಾಗ ಮಾಡತಾನ,” ಎಂದಳು.

ಬಾಯಲ್ಲಿ ಲೆಕ್ಕ ಮಾಡುವವನಿಗಾಗಿ ನಾನು ರಾತ್ರಿಗಳನ್ನು ಸುಟ್ಟು ಓದಿಲ್ಲ. ಷರತ್ತಿಗೆ ಒಪ್ಪಿದೆ.

೧೨ ಏಪ್ರಿಲ್

ಚರ್ಚನ್ನು ನೋಡಿದೆ. ಹೆಮ್ಮೆಯಿಂದ ಹೇಳುವುದಾದರೆ, ಅದನ್ನು ಓದಬಲ್ಲವರು ಈ ಮೂರು ತಾಲೂಕುಗಳಲ್ಲಿ ನಾನೊಬ್ಬಳೇ.

ಇಡಗುಂದಿಯನ್ನು ದಾಟಿ, ಘಟ್ಟ ಇಳಿಯುವ ಮುನ್ನ ರಸ್ತೆಯ ಎಡಕ್ಕೆ ಸಿಗುವ ಬೋಳು ದಿಣ್ಣೆಯ ಮೇಲೆ ಅದು ನಿಂತಿದೆ. ಹತ್ತಿಯ ಗಾಡಿಗಳನ್ನು ಕಡಲಿಗೆ ಇಳಿಸಲು ಈ ದಾರಿಯನ್ನು ಕಡಿದ ಇಂಗ್ಲಿಷ್ ಅಧಿಕಾರಿಗಳು ತಮ್ಮೂರಿನ ಪ್ರಾರ್ಥನಾಮಂದಿರವನ್ನು ನೆನಪಿನಿಂದ ಕಟ್ಟಿಸಿದರೆಂದು ಕಾಣುತ್ತದೆ. ಬಾಗಿಲ ಮೇಲಿನ ಕಲ್ಲಿನಲ್ಲಿ ೧೮೬೬ ಎಂದಿದೆ. ಪಶ್ಚಿಮಕ್ಕೆ ಬಾಗಿಲು, ಪೂರ್ವಕ್ಕೆ ಪೂಜೆಯ ವೇದಿಕೆ, ನಡುವೆ ಜನ ಕೂರುವ ಉದ್ದನೆಯ ಹಜಾರ. ಕಿಟಕಿಗಳೆಲ್ಲ ಚೂಪು ಕಮಾನಿನವು. ಅವರ ನಾಡಿನಲ್ಲಾದರೆ ಆ ಅಂಚುಗಳನ್ನು ನಯವಾದ ಬಿಳಿಕಲ್ಲಿನಲ್ಲಿ ಕೆತ್ತುತ್ತಿದ್ದರು. ನಮ್ಮ ಚಿರೆಕಲ್ಲು ತೂತುತೂತಾದದ್ದು, ಉಳಿಗೆ ಬಗ್ಗದು. ಆದ್ದರಿಂದ ಸುಣ್ಣದ ಗಾರೆಯಲ್ಲಿ ಅಂಚುಗಳನ್ನು ಎಳೆದು ಬಿಳಿಕಲ್ಲಿನ ಭ್ರಮೆ ಹುಟ್ಟಿಸಿದ್ದಾರೆ. ಪೂರ್ವದ ಕಿಟಕಿಯಲ್ಲಿ ಬಣ್ಣದ ಗಾಜಿನ ಒಂದೇ ಒಂದು ನೀಲಿ ಚೂರು ಉಳಿದಿದೆ. ಇಂಥ ಕಟ್ಟಡಗಳ ಚಿತ್ರಗಳಲ್ಲಿ ಗೋಡೆಗಳಿಗೆ ಹೊರಗಿನಿಂದ ಒತ್ತುಕೊಟ್ಟ ದಪ್ಪ ಆನಿಕೆಗೋಡೆಗಳು ಕಾಣುತ್ತವೆ. ಇಲ್ಲಿ ಅವಿಲ್ಲ. ಬಹುಶಃ ಮಿತವ್ಯಯ.

ಅಳತೆಯ ಟೇಪಿನ ಇನ್ನೊಂದು ತುದಿಯನ್ನು ಹಿಡಿಯಲು ತಂದೆಯವರು ಒಬ್ಬ ಆಳನ್ನು ಕೊಟ್ಟಿದ್ದರು. ಘಟ್ಟದ ಕೆಳಗಿನ ಕೇರಿಯವನು, ಮೂವತ್ತರ ಆಸುಪಾಸು. ಸುಮ್ಮನಿರುವುದೆಂದರೆ ಅವನಿಗೆ ತಿಳಿಯದು.

“ಅಮ್ಮಾ, ಮುರಿಯೂ ಮನೆ ಅಳತೆ ಯಂತಕ್ಕೆ? ಹೆಣಕ್ಕೆ ಅಂಗಿ ಹೊಲಿದಂಗೆ ಆತು.”

“ಟೇಪು ಸಡಿಲ ಬಿಡಬೇಡ,” ಎಂದೆ.

“ಬಿಡೂದಿಲ್ಲ ಅಮ್ಮಾ. ಹೆಂಡ್ತಿ ಕೈ ಬಿಟ್ರೂ ಇದ ಬಿಡೂದಿಲ್ಲ.”

ಉಳಿದ ಆಳುಗಳು ನಕ್ಕರು. ನಾನು ನಗಲಿಲ್ಲ.

೨೦ ಏಪ್ರಿಲ್

ಈ ಕಟ್ಟಡದ ಅತಿ ದೊಡ್ಡ ವಿಕಾರವನ್ನು ಇಂದು ಕಂಡುಹಿಡಿದೆ.

ಹೆಂಚು ಹೊದಿಸಿದ ಮಾಡಿನ ಮೂಲವಿನ್ಯಾಸ ಅಪೂರ್ವವಾದದ್ದು. ಎರಡೂ ಗೋಡೆಗಳಿಂದ ಎದ್ದ ಮರಗಳು, ಕೈಮುಗಿದ ಅಂಗೈಗಳಂತೆ, ನಡುವೆ ಯಾವ ಅಡ್ಡಿಯೂ ಇಲ್ಲದೆ ತುದಿಯಲ್ಲಿ ಕೂಡುತ್ತವೆ. ಒಳಗೆ ನಿಂತವನ ಕಣ್ಣು ತಾನಾಗಿ ಮೇಲೇರಬೇಕೆಂಬುದು ಕಟ್ಟಿದವನ ಉದ್ದೇಶ. ಆದರೆ ಯಾವನೋ ಅರಸಿಕನು ಈ ಗೋಡೆಯಿಂದ ಆ ಗೋಡೆಗೆ ಐದು ದಪ್ಪ ಸಾಗವಾನಿ ತೊಲೆಗಳನ್ನು ಅಡ್ಡ ಹಾಯಿಸಿ, ತುದಿಗಳಿಗೆ ಕಬ್ಬಿಣದ ಪಟ್ಟಿ ಬಿಗಿದಿದ್ದಾನೆ. ಕಣ್ಣು ಮೇಲೇರುವ ಮುನ್ನವೇ ತಡೆದು ನಿಲ್ಲುತ್ತದೆ. ಕೆರಿಯ (ಟೇಪು ಹಿಡಿಯುವವನ ಹೆಸರು) ಏಣಿ ಹತ್ತಿ ಒಂದು ತೊಲೆಯ ಧೂಳು ಒರೆಸಿದ. ಅದರ ಮೇಲೆ ೧೮೯೧ ಎಂದು ಕೊರೆದಿದೆ. ಅಂದರೆ ಮೂಲ ಕಟ್ಟಡಕ್ಕೂ ಇವಕ್ಕೂ ಇಪ್ಪತ್ತೈದು ವರ್ಷಗಳ ಅಂತರ. ಇವು ತರುವಾಯದ ಸೇರ್ಪಡೆ. ಚರ್ಚಿನ ಅಂಗವೇ ಅಲ್ಲ.

ತಂದೆಯವರಿಗೆ ಹೇಳಿದಾಗ ಅವರ ಕಣ್ಣು ಹೊಳೆಯಿತು. ಇಷ್ಟು ದಪ್ಪದ ಸಾಗವಾನಿ ಈಗ ಕಾಡಿನಲ್ಲಿಯೂ ಸಿಗದಂತೆ.

ಗೋಡೆಗಳ ನಡುವಿನ ಅಗಲವನ್ನು ನೆಲದಲ್ಲೂ ಮೇಲೂ ಅಳೆದೆವು. ಮೇಲೆ ಒಂದು ಗೇಣು ಹೆಚ್ಚು ಬಂತು. ಕೆರಿಯನು, “ಗೋಡೆ ಆಕಳಿಸಿದ ಹಾಂಗೆ ಕಾಣ್ತದೆ,” ಎಂದ. ಕಟ್ಟಿದ ಕೆಲಸಗಾರರ ತೂಗುಗುಂಡು ಸರಿಯಿರಲಿಲ್ಲವೆಂದು ಬರೆದುಕೊಂಡೆ.

೨ ಮೇ

ಕೆಲಸ ನಿಂತಿದೆ. ಕಾರಣ ಕೇಳಿದರೆ ಧಾರವಾಡದ ನನ್ನ ಗೆಳತಿಯರು ಬಿದ್ದು ಬಿದ್ದು ನಕ್ಕಾರು.

ಬಾಗಿಲು, ಬೆಂಚು, ನೆಲಗಲ್ಲುಗಳನ್ನು ತೆಗೆಯುವಾಗ ಯಾರೂ ತಕರಾರು ಮಾಡಲಿಲ್ಲ. ಇಂದು ಹೆಂಚು ಇಳಿಸಲು ಹೇಳಿದಾಗ ಎಲ್ಲರೂ ಕೈಕಟ್ಟಿ ನಿಂತರು. ಅವರ ಹಿರಿಯ ಚೌಡ ಮುಂದೆ ಬಂದ.

“ಒಡೆಯಾ, ದೇವ್ರ ಮನೆ ಇದು. ಅಪ್ಪಣೆ ಕೇಳದೇ ದೇವ್ರ ತಲೆ ಮೇಲಿನ ಮಾಡು ತೆಗೂಕೆ ಆಗೂದಿಲ್ಲ.”

ಯಾವ ದೇವಸ್ಥಾನವನ್ನು ಬಿಚ್ಚುವುದಿದ್ದರೂ ಮೊದಲು ಕಲ್ಲಿನ ಮೇಲೆ ಒದ್ದೆ ಹೂಗಳನ್ನಿಟ್ಟು ಕೇಳುವುದು ಇವರ ಕಟ್ಟಳೆ. ಬಲಗಡೆಯ ಹೂ ಬಿದ್ದರೆ ದೇವರು ಹೊರಡಲು ಒಪ್ಪಿದನೆಂದು ಅರ್ಥ. ಕೇಳುವವನು ಆ ದೇವರ ಮಾತು ಬಲ್ಲವನೇ ಆಗಿರಬೇಕು.

“ಏ ಚೌಡಾ, ಪಾದ್ರಿ ಬಂದು ಮಂತ್ರ ಹೇಳಿ ಬಾಗಲಾ ಹಾಕ್ಕೊಂಡು ಹೋಗ್ಯಾನಲ್ಲೋ,” ಎಂದರು ತಂದೆಯವರು. “ದೇವರೂ ಅವನ ಜೋಡಿ ಮೋಟಾರದಾಗ ಕುಂತು ಹೋತು.”

ಕೆರಿಯ ಹಿಂದಿನಿಂದ ಕೇಳಿದ: “ಹೋದದ್ದ ಕಂಡವ್ರು ಯಾರು ಒಡೆಯಾ? ಟಿಕೀಟು ತೆಗೆದಿತ್ತಾ?”

ಚೌಡನೂ ನಕ್ಕ. ಆದರೆ ಯಾರೂ ಏಣಿಯ ಹತ್ತಿರ ಹೋಗಲಿಲ್ಲ. ಆಗ ಕೆರಿಯ ನನ್ನ ಕಡೆ ತಿರುಗಿದ.

“ಅಮ್ಮಾ, ಈ ದೇವ್ರಿಗೆ ನಮ್ಮ ಮಾತು ತಿಳೂದಿಲ್ಲ. ನೀವು ಇಂಗ್ರೇಜಿ ಕಲ್ತವ್ರು. ನೀವೇ ಒಂದು ಮಾತ ಕೇಳಿ ಕೊಡಿ. ಹೂಂಗು ನಾವು ಇಡ್ತೇವೆ.”

“ಕಲ್ಲಿನ ಮುಂದೆ ಇಂಗ್ಲಿಷ್ ಮಾತಾಡಲಿಕ್ಕೆ ನಾ ಕಲಿತಿಲ್ಲ,” ಎಂದೆ.

ತಂದೆಯವರು, “ಕೇಳಿ ಬಿಡವಾ, ನಿನ್ನ ಗಂಟೇನು ಹೋಗತದ?” ಎಂದರು. ನಾನು ಲಾರಿಯಲ್ಲಿ ಹೋಗಿ ಕುಳಿತೆ. ಮೂಢನಂಬಿಕೆಗೆ ಪೌರೋಹಿತ್ಯ ವಹಿಸುವುದಾದರೆ ಹಾವೇರಿಯ ಅಂಗಡಿಗೂ ವಿದ್ಯೆಗೂ ವ್ಯತ್ಯಾಸವೇನು ಉಳಿಯಿತು?

೪ ಮೇ

ಮಳೆಗಾಲ ಸಮೀಪಿಸಿದೆ, ಸಾಗವಾನಿಗೆ ಹುಬ್ಬಳ್ಳಿಯವರ ಲಾರಿ ಬರುವುದಿದೆ. ಅಪ್ಪಣೆ ಕೇಳಿಸಲು ಹೇಳಿಕಳಿಸಿದ್ದ ಪಾದ್ರಿ ಸದ್ಯಕ್ಕೆ ಬರಲಾರರೆಂದು ತಿಳಿದುಬಂದಿದೆ. ತಂದೆಯವರು ನಿನ್ನೆ ಊಟದ ಹೊತ್ತಿಗೆ ಹಾವೇರಿಯ ಹೆಸರೆತ್ತಿದರು.

ಇಂದು ಬೆಳಿಗ್ಗೆ ಚೌಡನನ್ನೂ ಅವನ ಜನರನ್ನೂ ಚರ್ಚಿನ ಹಜಾರದಲ್ಲಿ ಕೂಡಿಸಿ, ಅವರದೇ ಕಟ್ಟಳೆಯಿಂದ ಅವರನ್ನು ಗೆದ್ದೆ.

“ಚೌಡಾ, ದೇವರು ಈ ಮನೆ ಹೊಕ್ಕದ್ದು ಕಟ್ಟಿದ ದಿನ. ಹೌದಲ್ಲೋ?”

“ಹೌದು.”

“ಈ ತೊಲೆ ಬಂದದ್ದು ಇಪ್ಪತ್ತೈದು ವರ್ಷದ ಮ್ಯಾಲೆ. ತೊಲೆ ಮ್ಯಾಲೇ ಬರದದ. ಅಂದರ ದೇವರು ಬಂದಾಗ ಇವು ಇರಲಿಲ್ಲ. ಬೀಗರು ಬಂದಾಗ ಮರತು ಬಿಟ್ಟುಹೋದ ಪೆಟ್ಟಿಗಿ ಇದ್ದಂಗ. ಅದು ಮನೀದು ಹ್ಯಾಂಗಾತು?”

ಚೌಡ ಬಹಳ ಹೊತ್ತು ಮೇಲೆ ನೋಡಿದ. “ಹಾಗಾರೆ ಇದು ದೇವ್ರದ್ದಲ್ಲ ಅಂತ್ರಿ.”

“ಅಲ್ಲ. ಹೆಂಚು, ಗೋಡೆ ಮುಟ್ಟಬ್ಯಾಡ್ರಿ. ಪಾದ್ರಿ ಬರೂತನಕಾ ಇರಲಿ. ತೊಲೆ ಇಳಸ್ರಿ.”

“ಕಲ್ತವ್ರು ಹೇಳೂದು,” ಎಂದ ಚೌಡ. ಕೆರಿಯ ಎಲ್ಲರಿಗಿಂತ ಮೊದಲು ಎದ್ದು ಹಗ್ಗ ತಂದ.

ತಂದೆಯವರು ನನ್ನ ಬೆನ್ನು ಚಪ್ಪರಿಸಿ, “ನಮ್ಮ ಶಾರವ್ವ ವಕೀಲ ಆಗಬೇಕಾಗಿತ್ತು!” ಎಂದರು. ಲಾರಿಯಲ್ಲಿ ಹಿಂದಿರುಗುವಾಗ, ಧಾರವಾಡದಲ್ಲಿ ಯಾರ ಮನೆಯಲ್ಲಿ ಇಳಿದುಕೊಳ್ಳಬೇಕೆಂದು ಅವರಾಗಿಯೇ ಮಾತು ತೆಗೆದರು.

೭ ಮೇ

ನಾಲ್ಕು ತೊಲೆಗಳು ಇಳಿದಿವೆ. ಕೆರಿಯನ ಹೆಂಡತಿ ಸುಬ್ಬಿ ಗಂಡನಿಗೆ ಗಂಜಿ ತಂದಿದ್ದಳು. “ಇವ ನಿಮ್ಮ ಮಾತೇ ಮನೇಲಿ ಹೇಳ್ತ ಅಮ್ಮಾ. ತೊಲೆ ಮೇಲೆ ಬರ್ದದ್ದ ಓದಿ ಅದ್ರ ವಯಸ್ಸು ಹೇಳ್ತ್ರು ಅಂದೇಳಿ,” ಎಂದಳು. ನನಗೆ ಸಂತೋಷವಾಯಿತು. ಬರೆದಿಡುವಷ್ಟು ಸಂತೋಷ.

೯ ಮೇ

ಕೆರಿಯ ಸತ್ತ.

೧೧ ಮೇ

ಬರೆಯಬೇಕು. ಆದದ್ದನ್ನು ಆದಂತೆ ಬರೆಯುವುದನ್ನು ನನಗೆ ಕಲಿಸಿದ್ದಾರೆ.

ಮೊನ್ನೆ ಮಧ್ಯಾಹ್ನ ಮೋಡ ಕಟ್ಟಿತ್ತು. ಮಳೆಗೆ ಮುನ್ನ ಕೊನೆಯ ತೊಲೆಯನ್ನೂ ಇಳಿಸಿಬಿಡೋಣವೆಂದರು. ಕೆರಿಯ ದಕ್ಷಿಣದ ಗೋಡೆಗೆ ಏಣಿ ಹಾಕಿ ಮೇಲಿದ್ದ. ನಾನು ಪಶ್ಚಿಮದ ಬಾಗಿಲಲ್ಲಿ ನಿಂತಿದ್ದೆ. ಮಾಡನ್ನು ಕಟ್ಟಿದವನು ಕಂಡಂತೆ ಕಾಣಬೇಕೆಂದು ಅಲ್ಲಿಯೇ ನಿಂತಿದ್ದೆ.

ತೊಲೆ ಕಳಚಿತು. ಹಗ್ಗದಲ್ಲಿ ಮೆಲ್ಲಗೆ ಇಳಿದು ನೆಲ ಮುಟ್ಟಿತು. ಮಾಡು ಪೂರ್ತಿ ತೆರೆದುಕೊಂಡಿತು. ಬಹಳ ಚೆಂದವಿತ್ತು. ಕೆರಿಯ ಮೇಲಿನಿಂದ, “ಕಂಡ್ತಾ ಅಮ್ಮಾ?” ಎಂದು ಕೂಗಿದ. ಕಂಡಿತು ಎಂದೆ.

ಆಮೇಲೆ ಅಕ್ಕಿ ಸುರಿದಂಥ ಸದ್ದು. ಗೋಡೆಯಿಂದ ಗಾರೆ ಉದುರುತ್ತಿತ್ತು. ಚೌಡ, “ಹಾರೋ! ಹಾರೋ!” ಎಂದ. ದಕ್ಷಿಣದ ಗೋಡೆ ಹೊರಕ್ಕೆ ಮಲಗಿತು. ಹೆಂಚು, ಮರ, ಎಲ್ಲ ಒಳಕ್ಕೆ ಬಿತ್ತು. ಕೆರಿಯ ಎರಡರ ನಡುವೆ ಇದ್ದ.

ಅವನನ್ನು ಹೊರಗೆ ತೆಗೆಯಲು ಕತ್ತಲಾಯಿತು.

ನಿನ್ನೆ ಅಪ್ಪನಿಗೆ ಹೇಳದೆ ಬಸ್ಸು ಹಿಡಿದು ಅಲ್ಲಿಗೆ ಹೋದೆ. ರಾಶಿಯಲ್ಲಿ ಒಂದು ಹೆಂಚನ್ನು ಎತ್ತಿ ತಿರುಗಿಸಿ ನೋಡಿದೆ. ಹಿಂಬದಿಗೆ ಕಾರ್ಖಾನೆಯ ಮುದ್ರೆ, ಅದರ ಕೆಳಗೆ ೧೮೯೧. ಇನ್ನೊಂದನ್ನು ಎತ್ತಿದೆ. ಅದರಲ್ಲಿಯೂ ಅಷ್ಟೇ.

ಮೊದಲು ಹಗುರವಾದ ಹೊದಿಕೆ ಇದ್ದಿರಬೇಕು. ಮರದ ಹಲಗೆಯೋ ಹುಲ್ಲೋ. ಆ ವರ್ಷ ಮಂಗಳೂರು ಹೆಂಚು ಹೊದಿಸಿದ್ದಾರೆ. ಆ ಭಾರಕ್ಕೆ ಗೋಡೆಗಳು ಹೊರಕ್ಕೆ ಸರಿಯಹತ್ತಿವೆ. ಹೊರಗೆ ಒತ್ತುಕೊಡುವ ಗೋಡೆಗಳಿಲ್ಲ. ಅದಕ್ಕೆ ಅದೇ ವರ್ಷ ಐದು ತೊಲೆ ಹಾಯಿಸಿ ಎರಡೂ ಗೋಡೆಗಳನ್ನು ಹಿಡಿದು ನಿಲ್ಲಿಸಿದ್ದಾರೆ. ಎಪ್ಪತ್ತು ವರ್ಷ ಹಿಡಿದಿದ್ದವು. ಅಳತೆಯಲ್ಲಿ ಮೇಲೆ ಒಂದು ಗೇಣು ಹೆಚ್ಚು ಬಂದದ್ದು ಗೋಡೆ ಹಾಗೆ ಸರಿದದ್ದಕ್ಕೆ.

ಹೆಂಚು ಮೊದಲು ಇಳಿಸಿದ್ದರೆ ಏನೂ ಆಗುತ್ತಿರಲಿಲ್ಲ. ಹೆಂಚು ಮುಟ್ಟಬೇಡಿರೆಂದು ಹೇಳಿದವಳು ನಾನು.

೧೨ ಮೇ

ಪೊಲೀಸ್ ಫೌಜದಾರರು ಪಂಚನಾಮೆಗೆ ಬಂದರು. ಚಿರೆಕಲ್ಲಿನ ರಾಶಿಯ ಪಕ್ಕದಲ್ಲಿ ಕುರ್ಚಿ ಹಾಕಿದ್ದರು. ಇಡಗುಂದಿಯ ಇಬ್ಬರು ಪಂಚರು. ಆಳು ಕುಡಿದ ಅಮಲಿನಲ್ಲಿ ಆಯ ತಪ್ಪಿ ಗೋಡೆಯನ್ನೇ ಜಗ್ಗಿ ಕೆಡವಿಕೊಂಡನೆಂದು ಬರೆಸುತ್ತಿದ್ದರು. ಅಪ್ಪ ನೆಲ ನೋಡುತ್ತ ನಿಂತಿದ್ದರು.

“ಅಂವ ಕುಡದಿರಲಿಲ್ಲ,” ಎಂದೆ. “ತೊಲೆ ತಗೀರಿ ಅಂತ ಹೇಳಿದಾಕಿ ನಾನು.”

ಫೌಜದಾರರು ಬರೆಯುವವನಿಗೆ ನಿಲ್ಲಿಸಲು ಸನ್ನೆ ಮಾಡಿ ನನ್ನತ್ತ ನೋಡಿದರು. ಸಿಟ್ಟಿನಿಂದಲ್ಲ.

“ತಂಗೀ, ನೀ ಹೇಳೂದು, ಗಂಡಸರು ತೊಲೆ ಬಿಚ್ಚೂದು! ಇಷ್ಟು ಮಂದಿ ಮೇಸ್ತ್ರಿಗೋಳು ಇರೂ ಮುಂದ?”

“ಹೌದ್ರಿ. ಗೋಡೆ ಯಾಕ ಬಿತ್ತು ಅನ್ನೂದೂ ಹೇಳತೇನಿ. ಹೆಂಚಿನ ಭಾರ—”

“ವೀರಪ್ಪನವರ, ಮಗಳು ಭಾಳ ಅಂಜಿಕೊಂಡಾಳ. ಮನೀಗೆ ಕಳಸ್ರಿ. ಎಳನೀರು ಕುಡಸ್ರಿ.”

ಪಂಚರಲ್ಲೊಬ್ಬರು ಅಯ್ಯೋ ಪಾಪ ಎಂದರು. ಬರವಣಿಗೆ ಮತ್ತೆ ಮೊದಲಾಯಿತು.

ಚೌಡ ದೂರದಲ್ಲಿ ಕುಳಿತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.

೧೩ ಮೇ

ಅಪ್ಪ ಇಂದು ನನಗೆ ಹೊಸ ಟ್ರಂಕು ತಂದರು. ಧಾರವಾಡದ ಮನೆ ಗೊತ್ತಾಗಿದೆಯಂತೆ. “ಲಗೂನ ಹೋಗಿಬಿಡು. ಅಲ್ಲಿ ಹೋದರ ಮರೀತದ,” ಎಂದಳು ಅವ್ವ. ಟ್ರಂಕಿಗೆ ಹಸಿರು ಬಣ್ಣ.

೧೬ ಮೇ

ಸುಬ್ಬಿ ಬಂದಿದ್ದಳು. ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅವ್ವ ಅಕ್ಕಿ ಕೊಡಲು ಹೋದಳು. ಸುಬ್ಬಿ ಮೊರವನ್ನು ಮುಟ್ಟಲಿಲ್ಲ.

“ಕಲ್ತ ಅಮ್ಮನ ಹತ್ರ ಮಾತಾಡೂದದೆ,” ಎಂದಳು.

ಕಚೇರಿಯವರು ಕುಡುಕ ಎಂದು ಬರೆದದ್ದಕ್ಕೆ ಅವಳು ಬಂದಿರಲಿಲ್ಲ. “ಬರ್ಕಳ್ಲಿ. ಕುಡೂದಿಲ್ಲಾಗಿತ್ತು ಅಂದೇಳಿ ನಂಗೆ ಗೊತ್ತದೆ.” ಅವಳು ಬಂದದ್ದು ಕೇರಿಯವರ ಮಾತಿಗೆ. ಅಪ್ಪಣೆಯಿಲ್ಲದೆ ದೇವರ ತೊಲೆ ಮುಟ್ಟಿದ, ದೇವರೇ ಅವನನ್ನು ತೆಗೆದುಕೊಂಡ ಎನ್ನುತ್ತಿದ್ದಾರೆ. ಹಾಗೆ ಸತ್ತವನನ್ನು ಹಿರಿಯರ ಸಾಲಿಗೆ ಸೇರಿಸುವಂತಿಲ್ಲ. ಹನ್ನೊಂದನೆಯ ದಿನ ಮನೆಯ ಹಿರಿಯರಿಗೆಲ್ಲ ಎಡೆ ಇಡುವಾಗ ಕೆರಿಯನಿಗೆ ಎಲೆ ಇಲ್ಲ. ಇನ್ನು ಮುಂದೆ ಯಾವ ವರ್ಷವೂ ಇಲ್ಲ. ಅವನು ಹೊರಗೇ ಅಲೆಯಬೇಕು.

“ನೀವು ಅದು ದೇವ್ರದ್ದಲ್ಲ ಅಂದಿದ್ರಿ. ಬಂದು ಹಾಂಗೇ ಹೇಳಿ. ನಿಮ್ಮ ಮಾತ ಕೇಳ್ತ್ರು.”

ಅದು ದೇವರದ್ದಲ್ಲ ಎಂದು ಈಗ ಹೇಳಲಾರೆ ಎಂದೆ. ಆ ತೊಲೆ ಮನೆಯದೇ ಆಗಿತ್ತು ಎಂದೆ.

ಸುಬ್ಬಿ ನನ್ನ ಮುಖ ನೋಡಿದಳು. “ಹಾಗಾರೆ ಯಂತ ಹೇಳ್ತ್ರಿ?” ಎಂದಳು.

ಹನ್ನೊಂದನೆಯ ದಿನ ಯಾವಾಗ ಎಂದು ಕೇಳಿದೆ. ಶುಕ್ರವಾರ.

೧೮ ಮೇ

ಕೇರಿಗೆ ಹೋಗುತ್ತೇನೆಂದು ಅಪ್ಪನಿಗೆ ಹೇಳಿದೆ.

“ಅಲ್ಲಿ ಹೋಗಿ ಬಾಯಿ ಬಿಟ್ಟಿ ಅಂದರ ಸುದ್ದಿ ಕಚೇರಿಗೆ ಮುಟ್ಟತದ. ಸುಳ್ಳ ಪಂಚನಾಮೆ ಬರಸ್ಯಾನ ಅಂತ ನನ್ನ ಲೈಸೆನ್ಸು ಹೋಗತದ. ನಿನ್ನ ಧಾರವಾಡ ಎಲ್ಲಿಂದ ಬರತದ? ಮಧುಕೇಶ್ವರನ ಮನ್ಯಾಗೂ ಇಂಥಾ ಹುಡುಗೀನ್ನ ಒಲ್ಲೆ ಅಂತಾರ.” ಆಮೇಲೆ ಧ್ವನಿ ಇಳಿಸಿ, “ನಿನ್ನ ಸಲುವಾಗೇ ಅಲ್ಲೇನವಾ ನಾ ಅದನ್ನ ಬರಸಿದ್ದು? ಸಾಕ್ಷಿ ಅಂತ ನಿನ್ನ ಕೋರ್ಟಿಗೆ ಎಳೀತಿದ್ದರು,” ಎಂದರು.

ಅವರೂ ಒಂಬತ್ತು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಇದನ್ನು ಈವರೆಗೆ ನಾನು ನೋಡಿರಲಿಲ್ಲ.

೧೯ ಮೇ

ಬೆಳಗಿನ ಬಸ್ಸಿಗೆ ಹೋದೆ. ಅರಬೈಲ್ ದಾಟಿ ಇಳಿದು, ಕಾಲುದಾರಿಯಲ್ಲಿ ಕೆಳಗೆ ನಡೆದೆ. ಕೇರಿಯಲ್ಲಿ ಎಂಟೋ ಹತ್ತೋ ಮನೆ. ಅಂಗಳ ಸಾರಿಸಿದ್ದರು. ಚೌಡ ಕಂಬಕ್ಕೆ ಒರಗಿ ಕುಳಿತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಎಲ್ಲರೂ ಎದ್ದರು. ಕುಳಿತುಕೊಳ್ಳಿ ಎಂದೆ. ಯಾರೂ ಕುಳಿತುಕೊಳ್ಳಲಿಲ್ಲ.

ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಹೆಂಚು, ಭಾರ, ವರ್ಷ. ಅಲ್ಲಿ ಯಾವುದೂ ಬಾಯಿಗೆ ಬರಲಿಲ್ಲ.

“ಚೌಡಾ, ಕೆರಿಯನ ಮ್ಯಾಲೆ ತಪ್ಪಿಲ್ಲ.”

“ಅವ ಮುಟ್ಟಿದ್ದು ನಾವೆಲ್ಲಾ ಕಂಡದ್ದದೆ ಅಮ್ಮಾ.”

“ಅಂವ ಅಪ್ಪಣಿ ಕೇಳಬೇಕು ಅಂದಿದ್ದ. ನೀವೆಲ್ಲಾ ಕೇಳೀರಿ. ನನ್ನ ಕಡಿಂದ ಕೇಳಸಬೇಕು ಅಂದಿದ್ದ. ನಾ ಒಲ್ಲೆ ಅಂದೆ.”

ಚೌಡ ಹೌದೆಂದು ತಲೆಯಾಡಿಸಿದ.

“ಆಮ್ಯಾಲೆ ಆ ತೊಲೆ ದೇವರದಲ್ಲ ಅಂತ ಸುಳ್ಳು ಹೇಳಿದೆ. ಸುಳ್ಳು ಅಂತ ನನಗ ಗೊತ್ತಿರಲಿಲ್ಲ. ಗೊತ್ತದ ಅಂತ ಹೇಳಿದೆ. ನಿಮಗ ಸಂಶಯ ಇತ್ತು. ನನಗಿರಲಿಲ್ಲ. ಅಂವ ನನ್ನ ಮಾತಿನ ಮ್ಯಾಲೆ ಏಣಿ ಹತ್ತಿದ.”

ಒಬ್ಬ ಮುದುಕಿ ಕಿವಿ ಕೇಳದೆ, “ಯಂತ ಅಂತದೆ ಹುಡ್ಗಿ?” ಎಂದಳು. ಪಕ್ಕದವಳು ಅವಳ ಕಿವಿಗೆ ಬಾಯಿಟ್ಟು ಹೇಳಿದಳು. ನಾನು ಹೇಳಿದ್ದೆಲ್ಲ ಮೂರೇ ಮಾತಿನಲ್ಲಿ ಮುಗಿಯಿತು: “ತಪ್ಪು ತನ್ನದು ಅಂತದೆ.”

ಚೌಡ ಕೇಳಿದ: “ಈ ಮಾತ ದೇವ್ರ ಎದುರಿಗೂ ಹೇಳ್ತ್ರಾ?”

ಹೇಳುತ್ತೇನೆ ಎಂದೆ. ಅವನು ನನ್ನನ್ನು ಒಳಗೆ ಹಿರಿಯರ ಕಲ್ಲಿನ ಮುಂದೆ ಕರೆದೊಯ್ದ. ಅಲ್ಲಿ ಮತ್ತೊಮ್ಮೆ ಹೇಳಿದೆ. ಕಲ್ಲು ಅಂಗೈಯಷ್ಟು ದೊಡ್ಡದು, ಎಣ್ಣೆಗೆ ಕಪ್ಪಾಗಿದೆ. ಎಷ್ಟು ಹಳೆಯದೋ ತಿಳಿಯದು.

“ಅವನ ಮೇಲೆ ದೋಷ ಇಲ್ಲೆ,” ಎಂದ ಚೌಡ ಹೊರಗೆ ಬಂದು. “ಎಲೆ ಹಾಕಿ.”

ಎಲೆ ತಂದರು. ಸಾಲಿನ ತುದಿಗೆ ಒಂದು ಹೆಚ್ಚು ಹಾಕಿದರು. ಸುಬ್ಬಿ ಅದನ್ನು ನೀರು ಚಿಮುಕಿಸಿ ಒರೆಸಿದಳು. ನಾನು ಗೋಡೆಯ ಬಳಿ ನಿಂತಿದ್ದೆ. ನನ್ನ ಹತ್ತಿರ ಯಾರೂ ಇರಲಿಲ್ಲ. ಅನ್ನ ಬಡಿಸುವ ಮುನ್ನ ಸುಬ್ಬಿ ನನ್ನ ಬಳಿ ಬಂದಳು. ನನ್ನ ಮುಖ ನೋಡಲಿಲ್ಲ.

“ಇನ್ನು ನೀವು ಹೋಗಿ, ಅಮ್ಮಾ. ಅವ ಉಂಬೂಕೆ ಬತ್ತ. ನೀವು ಇಲ್ಲಿರೂದು ಬೇಡ.”

ಕಾಲುದಾರಿ ಏರಿ ರಸ್ತೆಗೆ ಬಂದಾಗ ಅಪ್ಪನ ಲಾರಿ ನಿಂತಿತ್ತು. ಅಪ್ಪ ಒಬ್ಬರೇ ಒಳಗೆ ಕುಳಿತಿದ್ದರು. ಎಷ್ಟು ಹೊತ್ತಿನಿಂದಲೋ. ಹತ್ತಿ ಪಕ್ಕದಲ್ಲಿ ಕುಳಿತೆ.

“ಹೇಳಿದಿ?”

“ಹೇಳಿದೆ.”

“ನಂಬಿದರ?”

“ನಂಬಿದರು.”

ಅಪ್ಪ ಲಾರಿ ಚಾಲೂ ಮಾಡಿದರು. ಘಟ್ಟ ಹತ್ತಿ ಯಲ್ಲಾಪುರದ ದಾರಿ ಹಿಡಿದೆವು.